ಪಾರಿಜಾತ ನೋಡಾಕ ಚಾಪಿ ಹಾಸ್ತೀರಿ, ಮಗಳು ಕಲೀತೀನಿ ಅಂದ್ರ ಬಾಗಲಾ ಹಾಕ್ತೀರಿ

ಅಕ್ಕಾರ, ವೈನಿಯಾರ, ಕಾಕೂಗೋಳ, ಓಣಿಯ ಎಲ್ಲಾ ಅತ್ತಿಯಾರ, ಈ ಸಲ ಶೇಂಗಾ ಚಟ್ನಿಯ ಮಾತಿಲ್ಲ, ಸಂಡಗಿ ಕುರಡಗಿಯ ಮಾತೂ ಇಲ್ಲ. ಈ ಸಲ ನಿಮ್ಮ ಜೋಡಿ ಜಗಳಾ ತಗಿಯೂದೈತಿ. ಸಿಟ್ಟು ಬಂದ್ರ ಬರ್ಲಿ. ಪೂರಾ ಓದ್ರಿ, ಆಮ್ಯಾಲ ಬೈರಿ.

ಸಂಗತಿ ಹಿಂಗೈತಿ. ಈ ವರ್ಷ ನಮ್ಮ ಬಳಗದಾಗ ಮೂರು ಹುಡಿಗ್ಯಾರು ಒಂದ ಮಾತು ತಗದಾರ. ಗೋಕಾಕದಾಕಿ ಪಿಯುಸಿ ಮುಗಿಸ್ಯಾಳ. ಮೂಡಲಗಿಯಾಕಿ ಬಿ.ಎ. ಕಡೀ ಪರೀಕ್ಷಾ ಬರದಾಳ. ಹುಕ್ಕೇರಿಯಾಕಿ ಡಿಗ್ರಿ ಮುಗಿಸಿ ಎರಡು ವರ್ಷಾತು, ಊರಾಗಿನ ಮ್ಯಾಳದ ಜೋಡಿ ನಾಕಾರು ಸಲ ಪಾರ್ಟ ಮಾಡ್ಯಾಳ. ಮೂವರಿಗೂ ದನಿ ಐತಿ, ಮೂವರಿಗೂ ಮಂದಿ ಮುಂದ ನಿಂದ್ರಾಕ ಅಂಜಿಕಿಲ್ಲ. ಮೂವರೂ ಮನ್ಯಾಗ ಹೇಳಿದ್ದು ಒಂದ: "ನಾನು ಹಾಡು ನಾಟಕ ಕಲಿಯೂ ಸಾಲಿಗೆ ಅರ್ಜಿ ಹಾಕ್ತೀನಿ." ಮೂರೂ ಮನ್ಯಾಗ ಬಂದ ಉತ್ತರಾನೂ ಒಂದ: "ನಾಟಕದಾಕಿ ಅನಿಸ್ಕೋತಿಯೇನ? ಬಿ.ಎಡ್. ಮಾಡು, ಇಲ್ಲಾಂದ್ರ ನರ್ಸಿಂಗ್ ಮಾಡು, ಅದೂ ಬ್ಯಾಡಂದ್ರ ಲಗ್ನಾ ಮಾಡ್ಕೋ."

ಬಿ.ಎಡ್. ಕೆಟ್ಟದ್ದಲ್ಲ, ನರ್ಸಿಂಗಂತೂ ಪುಣ್ಯದ ಕೆಲಸ. ನನ್ನ ಜಗಳಾ ಅದರ ಮ್ಯಾಲಲ್ಲ. ನನ್ನ ಜಗಳಾ ಆ "ನಾಟಕದಾಕಿ" ಅನ್ನೂ ಮಾತಿನ ಮ್ಯಾಲ. ಯಾಕಂದ್ರ ಆ ಮಾತು ಆಡಿದವರು ಯಾರು? ಜಾತ್ರ್ಯಾಗ ಪಾರಿಜಾತ ಐತಿ ಅಂದ ಕೂಡ್ಲೇ ಮಧ್ಯಾಹ್ನದಾಗ ಹೋಗಿ ಮುಂದಿನ ಸಾಲಿನ್ಯಾಗ ಚಾಪಿ ಹಾಸಿ ಜಾಗಾ ಹಿಡಿಯೂ ನಾವ. ಸತ್ಯಭಾಮಾ ಸಿಟ್ಟ ಮಾಡ್ಕೊಂಡು ಹಾಡಿದ್ರ "ಏನ್ ಹಾಡಿದಳವ್ವಾ!" ಅಂತ ಸೆರಗಿನ ತುದಿಲೇ ಕಣ್ಣ ಒರಸ್ಕೊಳ್ಳೂ ನಾವ. ಬೆಳ್ಳ ಬೆಳಗಾಗೂತನಾ ಕುಂತು ನೋಡಿ, ಮನಿಗೆ ಬಂದು ಚಾ ಕುಡಿಯೂ ಮುಂದ "ಆ ಹೆಂಗಸು ಎಂಥ ಮನಿತನದಾಕಿಯೋ" ಅನ್ನೂವರೂ ನಾವ. ಇದು ಯಾವ ನ್ಯಾಯರಿ?

ಈ ಆಟ ಎಲ್ಲಿಂದಲೋ ಬಂದದ್ದಲ್ಲ ಅನ್ನೂದು ಮದಲ ನೆನಪಿರ್ಲಿ. ಶ್ರೀಕೃಷ್ಣ ಪಾರಿಜಾತವನ್ನ ಮದಲ ಬರದವರು ಅಪರಾಳ ತಮ್ಮಣ್ಣ ಅಂತಾರ. ಅದನ್ನ ತಿದ್ದಿ, ಹಾಡು ಕೂಡಿಸಿ, ಆಡೂ ಹಂಗ ಮಾಡಿದವರು ಕುಲಗೋಡ ತಮ್ಮಣ್ಣ. ಕುಲಗೋಡ ಅಂದ್ರ ನಮ್ಮ ಮೂಡಲಗಿ ಮಗ್ಗಲದ ಊರು. ಆ ಆಟಾನ ಊರೂರಿಗೆ ಒಯ್ದು ಮನಿಮಾತು ಮಾಡಿದಾಕಿ ಕೌಜಲಗಿ ನಿಂಗಮ್ಮ, ಆಕಿನೂ ಇದ ಸೀಮಿಯಾಕಿ. ಗಂಡಸರ ಮ್ಯಾಳ ಗಂಡಸರ ಕೈಲೇ ಇದ್ದ ಕಾಲದಾಗ ಒಬ್ಬ ಹೆಣ್ಣಮಗಳು ಬಣ್ಣಾ ಹಚ್ಚಿ, ತನ್ನ ಹೆಸರಿನಿಂದನ ಮ್ಯಾಳ ಗುರುತಿಸೂ ಹಂಗ ಮಾಡಿದಳು. ಇವತ್ತಿಗೂ ಪಾರಿಜಾತದ ಮಾತು ಬಂದ್ರ ಆಕಿ ಹೆಸರು ಬಿಟ್ಟು ಮುಂದ ಹೋಗಾಕ ಬರಂಗಿಲ್ಲ.

ಇನ್ನ ಹುಕ್ಕೇರಿಯವರು ಕೇಳ್ರಿ. ನಿಮ್ಮ ತಾಲೂಕಿನ ಘೋಡಗೇರಿಯಾಗ 1937ರಾಗ ಹುಟ್ಟಿದ ಚಂದ್ರಶೇಖರ ಕಂಬಾರರು ಊರಾಗಿನ ಬಯಲಾಟಾ ನೋಡಿ, ಹಾಡು ಕೇಳಿ ಬೆಳದವರು. ಜೋಕುಮಾರಸ್ವಾಮಿ ನಾಟಕ ಬರದದ್ದು 1972ರಾಗ. ಹಾಡಿಲ್ಲದ ಅವರ ನಾಟಕಾನ ಇಲ್ಲ ಅನ್ನಬೇಕು. ಆಮ್ಯಾಲ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯ ಅಧ್ಯಕ್ಷರಾದ್ರು, ಹಂಪಿ ಕನ್ನಡ ವಿಶ್ವವಿದ್ಯಾಲಯದ ಮದಲನೇ ಕುಲಪತಿ ಆದ್ರು, 2010ನೇ ಸಾಲಿನ ಜ್ಞಾನಪೀಠ ಬಂತು. ಅವರ ಫೋಟೋಕ್ಕ ನಾವು ಹಾರಾ ಹಾಕ್ತೀವಿ. "ನಮ್ಮ ಭಾಗದವರು" ಅಂತ ಎದಿ ಉಬ್ಬಿಸ್ತೀವಿ. ಅವರ ನಾಟಕದಾಗ ಹಾಡೂ ಹುಡುಗಿ ಮಾತ್ರ ಮಂದಿ ಮನ್ಯಾಗಿಂದ ಬರಬೇಕು, ನಮ್ಮ ಮನ್ಯಾಗಿಂದಲ್ಲ!

ಮರಾಠಿ ಮಂದಿ ಸಂಗೀತ ನಾಟಕ ನಮ್ಮದು ಅಂತ ಹೆಮ್ಮಿ ಪಡ್ತಾರ, ಪಡ್ಲಿ. 1880ರಾಗ ಪುಣೆದಾಗ ಸಂಗೀತ ಶಾಕುಂತಲ ಆಡಿಸಿ ಆ ಕಾಲಕ್ಕ ನಾಂದಿ ಹಾಡಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲಾದ ಗುರ್ಲಹೊಸೂರಾಗ. ಆ ರಂಗದ ಮ್ಯಾಲ ಹೆಣ್ಣಿನ ಪಾರ್ಟ ಮಾಡಿ ಹೆಸರು ಮಾಡಿದವರು ಬಾಲಗಂಧರ್ವರು. ಅವರು ಸೀರಿ ಉಡೂ ರೀತಿ, ಹೂ ಮುಡಿಯೂ ರೀತಿ ನೋಡಿ ದೊಡ್ಡ ದೊಡ್ಡ ಮನಿತನದ ಹೆಣ್ಣಮಕ್ಕಳು ತಾವೂ ಹಂಗ ಉಟ್ರು, ಹಂಗ ಮುಡದ್ರು. ಅಲ್ಲರಿ, ಗಂಡಸು ಸೀರಿ ಉಟ್ಟು ಹೆಣ್ಣಾಗಿ ಹಾಡಿದ್ರ ಅಂವ ಗಂಧರ್ವ. ಹೆಣ್ಣು ತಾನ ಹೆಣ್ಣಾಗಿ ಹಾಡಿದ್ರ ಆಕಿ ಮಾನಗೆಟ್ಟಾಕಿ. ಈ ಲೆಕ್ಕಾ ಯಾವ ತಕ್ಕಡಿಯಾಗ ತೂಗಿದ್ದು?

ಈ ಮಾನದ ಮಾತಿಗೆ ಬೇರು ಎಲ್ಲೈತಿ ಅಂತ ಹಿರ್ಯಾರಿಗೆ ಗೊತ್ತೈತಿ, ಬಾಯಿ ಬಿಟ್ಟು ಹೇಳಂಗಿಲ್ಲ. ನಾನು ಹೇಳ್ತೀನಿ. ನಮ್ಮ ಸೀಮಿಯಾಗ ಹಾಡೂ ಕುಣಿಯೂ ಕೆಲಸಾನ ಬಹಳ ಕಾಲ ದೇವರ ಹೆಸರಿಲೆ ಬಿಟ್ಟ ಹೆಣ್ಣಮಕ್ಕಳ ತಲಿಗೆ ಕಟ್ಟಿದ್ರು. ಆ ಪದ್ಧತಿ ನಿಲ್ಲಸಾಕ 1982ರಾಗ ಕಾಯ್ದೇನ ತರಬೇಕಾತು. ಆ ಹೆಣ್ಣಮಕ್ಕಳನ್ನ ಬಳಸ್ಕೊಂಡವರಿಗೆ ಯಾರೂ ಹೆಸರಿಡಲಿಲ್ಲ, ಅವರು ಊರಾಗ ದೊಡ್ಡವರಾಗೇ ಉಳದ್ರು. ಕಳಂಕ ಹತ್ತಿದ್ದು ಹಾಡಿಗೆ, ಗೆಜ್ಜಿಗೆ, ಹಾರ್ಮೋನಿಯಂಗೆ. ತಪ್ಪು ಮಾಡಿದವರನ್ನ ಬಿಟ್ಟು ಕಲೆಗೆ ಶಿಕ್ಷಾ ಕೊಟ್ಟಂಗಾತು. ಆ ಶಿಕ್ಷಾ ನಾವಿನ್ನೂ ನಮ್ಮ ಹುಡಿಗ್ಯಾರ ಮ್ಯಾಲ ಹೇರಾಕತ್ತೀವಿ.

ಗಂಗೂಬಾಯಿ ಹಾನಗಲ್ಲರ ಕಥಿ ನೋಡ್ರಿ. ಸಣ್ಣಾಕಿ ಇದ್ದಾಗ ಧಾರವಾಡದ ಓಣಿಯಾಗ ಮಂದಿ "ಗಾನೇವಾಲಿ" ಅಂತ ಹಂಗಿಸ್ತಿದ್ರು ಅಂತ ಅವರ ಹೇಳ್ಕೊಂಡಾರ. ಹುಬ್ಬಳ್ಳಿಯಿಂದ ಕುಂದಗೋಳಕ್ಕ ರೈಲಿನ್ಯಾಗ ಹೋಗಿ ಸವಾಯಿ ಗಂಧರ್ವರ ಹತ್ರ ಕಲತ್ರು. ಆ ಸವಾಯಿ ಗಂಧರ್ವರೂ ಮರಾಠಿ ಸಂಗೀತ ನಾಟಕದಾಗ ಪಾರ್ಟ ಮಾಡಿದವರ. ಗಂಗೂಬಾಯಿಯವರಿಗೆ 2002ರಾಗ ಪದ್ಮವಿಭೂಷಣ ಬಂತು. ಇವತ್ತು ಮೈಸೂರಿನ್ಯಾಗ ಸಂಗೀತ ಮತ್ತು ಪ್ರದರ್ಶಕ ಕಲೆಗಳ ಸರಕಾರಿ ವಿಶ್ವವಿದ್ಯಾಲಯಕ್ಕ ಅವರ ಹೆಸರೈತಿ. ಹಂಗಿಸಿದವರ ಹೆಸರು ಯಾರಿಗರ ಗೊತ್ತೈತೇನ?

ಮಲ್ಲಿಕಾರ್ಜುನ ಮನ್ಸೂರರೂ ಒಂಬತ್ತು ವರ್ಷದ ಹುಡುಗ ಇದ್ದಾಗ ಅಣ್ಣನ ನಾಟಕ ಕಂಪನಿಯಾಗ ಬಣ್ಣಾ ಹಚ್ಚಿದವರ. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಯವರು ಕಂಪನಿ ಮನ್ಯಾಗ ಬೆಳದು ದಿಲ್ಲಿಗೆ ಹೋಗಿ ನಾಟಕ ಶಾಲೆಯಾಗ ಕಲತು ಬಂದ್ರು. ಅವರು ರಂಗದ ಮ್ಯಾಲ ನಿಂತು ಹಾಡಿದ್ರ ಕಡೀ ಸಾಲಿನಾಂವಗೂ ಎದಿಗೆ ನಾಟತಿತ್ತು. ಆಕಿ ಮುಂದ ಮೈಸೂರು ರಂಗಾಯಣದ ನಿರ್ದೇಶಕಿನೂ ಆದ್ರು. ನಾಟಕ ಅಂದ್ರ ಬಾಳೇವು ಹಾಳು ಅನ್ನೂವರು ಈ ಹೆಸರು ಒಂದಿಷ್ಟು ಎಣಸ್ರಿ.

ಇನ್ನ ನಿಮ್ಮ ಎರಡನೇ ಮಾತಿಗೆ ಬರ್ತೀನಿ: "ಹೊಟ್ಟಿಗೇನ ಮಾಡ್ತಾಳ?" ಈ ಮಾತಿಗೆ ಮರ್ಯಾದಿ ಐತಿ. ಇದಕ್ಕ ಸುಳ್ಳು ಹೇಳಿ ಬಾಯಿ ಮುಚ್ಚಸೂದು ನನಗ ಬ್ಯಾಡ. ನಾಟಕ ಕಲತ ಕೂಡ್ಲೇ ತಿಂಗಳ ಪಗಾರ ಬರೂದಿಲ್ಲ. ಪುಣ್ಯಾ ಇದ್ರ ಒಂದು ರೆಪರ್ಟರಿ ತಂಡದಾಗ ಕೆಲಸ ಸಿಗ್ತೈತಿ, ಅಲ್ಲಿ ಹಗಲೆಲ್ಲಾ ತಾಲೀಮು, ಸಂಜಿಗೆ ಊರೂರು ಆಟ. ಬ್ಯಾಸಗಿಯಾಗ ಮಕ್ಕಳ ಶಿಬಿರ ಇರ್ತಾವ, ಸಾಲಿ ಗ್ಯಾದರಿಂಗಿಗೆ ನಾಟಕ ಮಾಡಸಾಕ ಕರೀತಾರ. ಬೆಂಗಳೂರಿಗೆ ಹೋದ್ರ ಧಾರಾವಾಹಿ, ಡಬ್ಬಿಂಗು ಅದಾವ. ಹೈಸ್ಕೂಲಿನ್ಯಾಗ ನಾಟಕ ಶಿಕ್ಷಕರ ಹುದ್ದಿ ಅನ್ನೂದೊಂದು ಐತಿ, ಆದ್ರ ಭಾಳ ಕಡಿಮಿ. ಇಷ್ಟ. ಇದು ಬಂಗಾರದ ದಾರಿ ಅಲ್ಲ.

ಆದ್ರ ನಾನು ತಿರುಗಿ ಕೇಳ್ತೀನಿ. ನಾವು ಬಿ.ಎಡ್. ಮಾಡ್ಸಿದ ಹುಡಿಗ್ಯಾರು ಏನ ಮಾಡಾಕತ್ತಾರ? ನಮ್ಮ ಓಣಿಯಾಗ ಎಣಸ್ರಿ. ಒಬ್ಬಾಕಿ ಖಾಸಗಿ ಸಾಲ್ಯಾಗ ಸಣ್ಣ ಪಗಾರಕ್ಕ ದುಡೀತಾಳ. ಒಬ್ಬಾಕಿ ಸಿಇಟಿ, ಟಿಇಟಿ ಅಂತ ವರ್ಷಾ ವರ್ಷಾ ಅರ್ಜಿ ತುಂಬ್ತಾಳ. ಒಬ್ಬಾಕಿ ಸರ್ಟಿಫಿಕೇಟ ಟ್ರಂಕಿನ್ಯಾಗ ಇಟ್ಟು ರೊಟ್ಟಿ ಬಡೀತಾಳ. ಅವರಿಗೆ ಯಾರೂ "ಹೊಟ್ಟಿಗೇನ ಮಾಡ್ತಿ" ಅಂತ ಕೇಳಿಲ್ಲ. ಲಗ್ನದಾಗ ಮಂಟಪ, ಬ್ಯಾಂಡು, ಊಟಕ್ಕ ಅಂತ ಸಾಲಾ ಮಾಡೂ ಮುಂದ ಯಾರೂ ಲೆಕ್ಕಾ ಹಿಡಿಯಂಗಿಲ್ಲ. ಒಂದು ವರ್ಷದ ನಾಟಕದ ಸಾಲಿ ಅಂದ ಕೂಡ್ಲೇ ಎಲ್ಲಾರ ಕೈಯಾಗೂ ಪೆನ್ನು ಬರ್ತೈತಿ! ಮತ್ತ ಒಂದು ವರ್ಷ ಹೋಗಿ ಬಂದ್ರ ಬಿ.ಎಡ್. ಎಲ್ಲೂ ಓಡಿ ಹೋಗಂಗಿಲ್ಲ. ಡಿಗ್ರಿ ಆದಾಕಿಗೆ ಅದು ಮುಂದಿನ ವರ್ಷಾನೂ ಇರ್ತೈತಿ. ಹತ್ತು ತಿಂಗಳು ಮಂದಿ ಮುಂದ ನಿಂತು ಮಾತಾಡಾಕ ಕಲತಾಕಿ ಒಳ್ಳೆ ಟೀಚರೂ ಆಗ್ತಾಳ, ನಾನು ಬೇಕಾದ್ರ ಬರದು ಕೊಡ್ತೀನಿ.

ಹಂಗಂತ ನಾನು ಎಲ್ಲಿಗರ ಕಳಸ್ರಿ ಅನ್ನಾಕತ್ತಿಲ್ಲ. ನನ್ನ ಜಗಳದ ಇನ್ನೊಂದು ಭಾಗ ಹುಡಿಗ್ಯಾರ ಜೋಡಿ ಮತ್ತ ಅವರನ್ನ ಮಳ್ಳ ಮಾಡೂವರ ಜೋಡಿ ಐತಿ. ಇವತ್ತು "ಆಡಿಷನ್" ಅಂದ್ರ ಹುಡುಗ್ರಿಗೆ ಟೀವ್ಯಾಗಿನ ಹಾಡಿನ ಸ್ಪರ್ಧೆ ಅಷ್ಟ ಕಣ್ಣಿಗೆ ಬರ್ತೈತಿ. ದೊಡ್ಡ ಊರಾಗ ಅದಕ್ಕಂತನ ಕ್ಲಾಸು ತಗದಾರ. ನಮ್ಮ ಬಳಗದ ಒಬ್ಬ ಹುಡುಗಿಯ ಕಡಿಂದ ಅಂಥ ಒಂದು ಕ್ಲಾಸಿನವರು, ಹೆಸರು ಬ್ಯಾಡ, ಒಂದು ಎಮ್ಮಿ ಕೊಳ್ಳೂ ಅಷ್ಟು ರೊಕ್ಕಾ ತಗೊಂಡು ಮೂರು ತಿಂಗಳು ಎರಡ ಸಿನೆಮಾ ಹಾಡು ಕಲಿಸಿದ್ರು. ಅದೂ ಮೊಬೈಲಿನ್ಯಾಗ ಮ್ಯೂಸಿಕ್ ಹಚ್ಚಿ ಅದರ ಹಿಂದ ಹಿಂದ ಹಾಡೂದು. ಶ್ರುತಿ ಹಚ್ಚಿ ಕುಂಡ್ರಸಿದ್ರ ಆ ಹುಡುಗಿಗೆ "ಸಾ" ಎಲ್ಲೈತಿ ಅಂತ ಗೊತ್ತಾಗಲಿಲ್ಲ. ಹಂಗ ಒಂದು ಟೀವಿ ಮುಖಾ ನೋಡಿ ಮಗಳನ್ನ ಕಳಸ್ತೀರಿ, ನೂರು ವರ್ಷದ ಕಲೆ ಕಲಿಯಾಕ ಕಳಸಂಗಿಲ್ಲ. ಇದಕ್ಕೇನ ಅಂತೀರಿ?

ಹೊರಗಿನ ದೇಶದಾಗ ಹಾಡು, ಮಾತು, ಕುಣಿತಾ ಮೂರೂ ಕೂಡಿದ ನಾಟಕಕ್ಕ ನಾಕು ವರ್ಷದ ಡಿಗ್ರೀನ ಐತಿ. ಅಮೇರಿಕಾದ ಮಿಷಿಗನ್, ಕಾರ್ನೆಗಿ ಮೆಲನ್ ಅಂಥ ಕಡೆ ಸೇರಾಕ ಹುಡುಗ್ರು ಬ್ಯಾರೆ ಬ್ಯಾರೆ ರೀತಿಯ ಎರಡು ಹಾಡು, ಬ್ಯಾರೆ ಬ್ಯಾರೆ ಭಾವದ ಎರಡು ಮಾತಿನ ತುಣುಕು ತಯಾರು ಮಾಡ್ಕೊಂಡು ಹೋಗ್ತಾರ, ಕುಣಿಸಿನೂ ನೋಡ್ತಾರ. ಇದನ್ನ ಓದಿದಾಗ ನನಗ ನಗಿ ಬಂತು. ನಮ್ಮ ಪಾರಿಜಾತದ ದೂತಿ ರಾತ್ರಿ ಪೂರಾ ಮತ್ತೇನ ಮಾಡ್ತಾಳ? ಹಾಡ್ತಾಳ, ಕುಣೀತಾಳ, ಭಾಗವತನ ಜೋಡಿ ಬರದಿಡದ ಮಾತನ್ನ ಅಲ್ಲೇ ನಿಂತು ಹುಟ್ಟಸಿ ಹೊಡೀತಾಳ. ನಮ್ಮಲ್ಲಿ ಕಲೆ ಐತಿ. ಅದನ್ನ ಪದ್ಧತಶೀರ ಕಲಿಯೂ ದಾರಿ ಒಂದ ಛಾವಣಿ ಕೆಳಗಿಲ್ಲ, ಹಂಚಿ ಹೋಗೇತಿ. ಅದಕ್ಕ ನಾವು ಕುಂತು ಹೋಲಿಸಿ ನೋಡಬೇಕು. ನಾನು ನೋಡಿದ್ದು, ಕೇಳಿದ್ದು ಹೇಳ್ತೀನಿ.

ಮದಲ ಹೆಗ್ಗೋಡಿನ ನೀನಾಸಂ. ಸಾಗರ ತಾಲೂಕಿನ ಸಣ್ಣ ಹಳ್ಳಿ, ಅಡಕಿ ತ್ವಾಟದ ನಡಬರಕ. ಸಂಸ್ಥೆ ಶುರು ಆಗಿದ್ದು 1949ರಾಗ, ರಂಗಶಿಕ್ಷಣ ಕೇಂದ್ರ 1980ರಾಗ. ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಾಗ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಒಂದು ವರ್ಷದ ಡಿಪ್ಲೊಮಾ, ಅಲ್ಲೇ ಇದ್ದು ಕಲಿಯೂದು, ಕನ್ನಡದಾಗ ಕಲಿಸ್ತಾರ. ಇಂಗ್ಲೀಷಿಗೆ ಅಂಜೂ ನಮ್ಮ ಹುಡಿಗ್ಯಾರಿಗೆ ಇದು ದೊಡ್ಡ ಮಾತು. ಕಲತು ಆದ ಮ್ಯಾಲ 1985ರಿಂದ ನಡೀತಿರೂ "ತಿರುಗಾಟ" ತಂಡಕ್ಕ ಆಯ್ಕಿ ಆಗೂ ಅವಕಾಶ ಐತಿ, ಆ ತಂಡ ಕರ್ನಾಟಕ ತುಂಬ ಆಟಾ ಆಡ್ತೈತಿ. ಕಡಿಮಿ ಅಂದ್ರ, ಅಲ್ಲಿಯ ಹಾಡು ಮಲೆನಾಡು ಕರಾವಳಿ ಕಡೆ ವಾಲ್ತೈತಿ. ನಮ್ಮ ಪಾರಿಜಾತದ ಪಟ್ಟು ಅಲ್ಲಿ ಸಿಗತೈತಿ ಅಂತ ಹೋಗಬ್ಯಾಡ್ರಿ.

ಎರಡನೇದು ಮೈಸೂರಿನ ರಂಗಾಯಣ. ಬಿ.ವಿ. ಕಾರಂತರು 1989ರಾಗ ಕಟ್ಟಿದ್ದು. ಕಾರಂತರಂದ್ರ ನಾಟಕಕ್ಕ ಹಾಡು ಕಟ್ಟೂದ್ರಾಗ ಅವರ ಕೈ ಮುಟ್ಟಿದವರಿಲ್ಲ. ಹುಡುಗ ಇದ್ದಾಗ ಮನಿ ಬಿಟ್ಟು ಓಡಿ ಹೋಗಿ ಗುಬ್ಬಿ ಕಂಪನಿ ಸೇರಿದವರು ಅವರು. ರಂಗಾಯಣದ ರಂಗಶಾಲೆಯಾಗೂ ಒಂದು ವರ್ಷದ ಡಿಪ್ಲೊಮಾ ಐತಿ. ಸರಕಾರಿ ಸಂಸ್ಥೆ, ದೊಡ್ಡ ಊರು, ನೋಡಾಕ ನಾಟಕ ಭಾಳ ಸಿಗ್ತಾವ. ಬೆಳಗಾವಿಯಿಂದ ಮೈಸೂರಿಗೆ ರೈಲೂ ಐತಿ. ನಮ್ಮ ಸಮೀಪ ಧಾರವಾಡದಾಗೂ ರಂಗಾಯಣ ಐತಿ. ಅಲ್ಲಿಯ ನಾಟಕ, ಶಿಬಿರ ನೋಡಿ ಮಕ್ಕಳಿಗೆ ಇದು ಬಗೀ ಹರೀತೈತೋ ಇಲ್ಲೋ ಅಂತ ಮದಲ ತಿಳ್ಕೊಳ್ಳಾಕ ಅದು ಬರೋಬ್ಬರಿ ಜಾಗಾ.

ಮೂರನೇದು ಸಾಣೇಹಳ್ಳಿ, ಹೊಸದುರ್ಗ ತಾಲೂಕು. ಮಠದ ಆಶ್ರಯದಾಗ ರಂಗಪ್ರಯೋಗ ಶಾಲೆ ನಡೀತೈತಿ, ಪಂಡಿತಾರಾಧ್ಯ ಸ್ವಾಮಿಗಳು ನಡಸ್ತಾರ. ಅವರ "ಶಿವಸಂಚಾರ" ತಂಡ 1997ರಿಂದ ಊರೂರು ನಾಟಕ ಒಯ್ತೈತಿ. "ಹುಡುಗೀನ ಗೊತ್ತಿಲ್ಲದ ಊರಿಗೆ ಹೆಂಗ ಕಳಸೂದು" ಅನ್ನೂ ಅಜ್ಜಿಗೋಳಿಗೆ ಮಠ ಅಂದ್ರ ಧೈರ್ಯ ಬರ್ತೈತಿ. ವಚನ ಹಾಡಿ ಬೆಳದ ಹುಡುಗಿಗೆ ಅಲ್ಲಿಯ ಗಾಳಿ ಹಿಡಸ್ತೈತಿ.

ನಾಕನೇದು ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆ, ಎನ್.ಎಸ್.ಡಿ. 1959ರಾಗ ಶುರು ಆದದ್ದು. ಮೂರು ವರ್ಷ. ಡಿಗ್ರಿ ಆಗಿರಬೇಕು, ನಾಟಕದಾಗ ಪಾರ್ಟ ಮಾಡಿದ ಅನುಭವ ತೋರಿಸಬೇಕು, ಹಿಂದಿ ಇಂಗ್ಲೀಷ್ ತಿಳೀಬೇಕು. ಕಲಿಯೂವರಿಗೆ ವಿದ್ಯಾರ್ಥಿವೇತನ ಕೊಡ್ತಾರ. ಮದಲ ಒಂದು ಸುತ್ತು ಆಯ್ಕಿ, ಅದರಾಗ ಉಳದವರನ್ನ ದಿಲ್ಲಿಗೆ ಕರದು ಕೆಲವು ದಿನ ಕಾರ್ಯಾಗಾರ ಮಾಡಿ ನೋಡ್ತಾರ. ದೇಶದ ತುಂಬ ಮಂದಿ ಬರ್ತಾರ, ಸೀಟು ಕೈಬೆರಳು ಎಣಿಸೂ ಅಷ್ಟು. ದಿಲ್ಲಿ ದೂರ ಆತು ಅಂದ್ರ ಬೆಂಗಳೂರಿನ ಕಲಾಗ್ರಾಮದಾಗ ಅದರ ಕೇಂದ್ರ ಐತಿ, ಅಲ್ಲಿ ದಕ್ಷಿಣದ ರಾಜ್ಯದವರಿಗೆ ಒಂದು ವರ್ಷದ ಕೋರ್ಸು ನಡೀತೈತಿ.

ಇನ್ನ ದನಿಗೆ. ನಾಟಕದ ಸಾಲ್ಯಾಗ ಒಂದು ವರ್ಷದಾಗ ಹಾಡು ಕಲಸೂದು ಆಗೂ ಮಾತಲ್ಲ, ಇದ್ದ ದನಿಯನ್ನ ಬಳಸೂದು ಕಲಸ್ತಾರ ಅಷ್ಟ. ಅದಕ್ಕ ಧಾರವಾಡದಾಗ ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ಕಾಲೇಜ ಐತಿ. ಹುಬ್ಬಳ್ಳಿಯಾಗ ಗಂಗೂಬಾಯಿಯವರ ಹೆಸರಿನ ಗುರುಕುಲ ಐತಿ, ಗುರುವಿನ ಹತ್ರ ಇದ್ದು ಕಲಿಯೂ ಪದ್ಧತಿ. ಶಿಗ್ಗಾವಿ ಹತ್ರ ಗೊಟಗೋಡಿಯಾಗ ಜಾನಪದ ವಿಶ್ವವಿದ್ಯಾಲಯ ಐತಿ. ಆದ್ರ ಒಂದು ಮಾತು ಖಾರ ಆಗೇ ಹೇಳ್ತೀನಿ: ಪಾರಿಜಾತ ಬೆಳದ ನೆಲದಾಗ, ಗೋಕಾಕ ಮೂಡಲಗಿ ಕಡೆ, ಪಾರಿಜಾತ ಹಾಡಿ ಆಡಿ ಕಲತು ಒಂದು ಪದವಿ ಕಾಗದ ಕೈಯಾಗ ಹಿಡಿಯೂ ಹಂಗ ಆಗಬೇಕು. ರಸ್ತೆಕ್ಕ, ನೀರಿಗೆ ಆಮದಾರ ಹತ್ರ ಅರ್ಜಿ ಒಯ್ಯೂ ನಾವು ಇದಕ್ಕೂ ಒಂದು ಅರ್ಜಿ ಒಯ್ದೀವೇನ?

ಮೂರೂ ಹುಡಿಗ್ಯಾರಿಗೆ ನನ್ನ ತೀರ್ಪು ಹೇಳ್ತೀನಿ. ಪಿಯುಸಿ ಆದ ಗೋಕಾಕದಾಕಿ ಮದಲ ಧಾರವಾಡದಾಗ ಸಂಗೀತಾ ಹಿಡದು ಡಿಗ್ರಿ ಮುಗಸ್ಲಿ. ಬ್ಯಾಸಗಿ ಶಿಬಿರಕ್ಕ ಹೋಗ್ಲಿ, ಸಣ್ಣ ವಯಸ್ಸು, ದನಿ ಇನ್ನೂ ಗಟ್ಟಿ ಆಗಬೇಕು. ಬಿ.ಎ. ಮುಗಿಸಿದ ಮೂಡಲಗಿಯಾಕಿ ಹೆಗ್ಗೋಡು, ಮೈಸೂರು, ಸಾಣೇಹಳ್ಳಿ ಮೂರಕ್ಕೂ ಅರ್ಜಿ ಹಾಕ್ಲಿ, ಎಲ್ಲಿ ಬಾಗಲಾ ತಗದ್ರ ಅಲ್ಲಿ ಹೋಗ್ಲಿ. ಹುಕ್ಕೇರಿಯಾಕಿ ಮ್ಯಾಳದಾಗ ಆಡಿದಾಕಿ, ಡಿಗ್ರಿ ಆದಾಕಿ. ಆಕಿ ಬೆಂಗಳೂರು, ದಿಲ್ಲಿಗೆ ಹಾಕ್ಲಿ. ಸಿಗದಿದ್ರ ಮೂಡಲಗಿಯಾಕಿ ಜೋಡಿ ಹೆಗ್ಗೋಡಿಗೆ.

ಹುಡಿಗ್ಯಾರ, ಈಗ ನಿಮಗ. ಅರ್ಜಿ ಹಾಕೂದು ಸಸಾರ, ಆಯ್ಕಿಯಾಗ ನಿಂದ್ರೂದು ಕಠಿಣ. ಮದಲ ನಿಮ್ಮ ಪಟ್ಟಿ ಯಾವುದು ಅಂತ ಹಾರ್ಮೋನಿಯಂ ನುಡಸೂವರ ಹತ್ರ ಕುಂತು ತಿಳ್ಕೋರಿ. ಹೆಣ್ಣಿನ ದನಿ ಸಾಮಾನ್ಯ ಕಾಳಿ ಚಾರ, ಕಾಳಿ ಪಾಂಚ ಹತ್ರ ಕುಂಡ್ರತೈತಿ. ಮ್ಯಾಳದ ಗಂಡಸರು ಏರಿಸಿದ ಪಟ್ಟ್ಯಾಗ ಹಾಡಾಕ ಹೋಗಿ ಗಂಟಲಾ ಹರಕೋಬ್ಯಾಡ್ರಿ. ಎರಡು ಹಾಡು ತಯಾರು ಇಟ್ಕೋರಿ, ಒಂದು ಪಾರಿಜಾತದ ಪದ ಇಲ್ಲಾ ಮನ್ಯಾಗ ಹಾಡೂ ಭಜನಿ ಪದ, ಇನ್ನೊಂದು ಪೂರಾ ಬ್ಯಾರೆ ಭಾವದ್ದು. ಬರೇ ಶ್ರುತಿ ಮ್ಯಾಲ ಹಾಡಾಕ ಬರಬೇಕು, ಮೊಬೈಲ ಮ್ಯೂಸಿಕ್ ಅಲ್ಲಿ ಯಾರೂ ಹಚ್ಚಿ ಕೊಡಂಗಿಲ್ಲ.

ಮಾತಿನ ತುಣುಕೂ ಎರಡು ಬೇಕು. ಒಂದು ಸತ್ಯಭಾಮಾನ ಸಿಟ್ಟಿನಂಥದ್ದು, ಇನ್ನೊಂದು ಮೆಲ್ಲಗ ಆಡೂವಂಥದ್ದು. ಕಾರ್ನಾಡರ ಹಯವದನದ ಪದ್ಮಿನಿ ಆಗ್ಲಿ, ಕಂಬಾರರ ಜೋಕುಮಾರಸ್ವಾಮಿಯ ಗೌಡತಿ ಆಗ್ಲಿ. ಆದ್ರ ಆ ಪುಟಾ ಅಷ್ಟ ಬಾಯಿಪಾಠ ಮಾಡಿ ಹೋಗಬ್ಯಾಡ್ರಿ, ಪೂರಾ ನಾಟಕಾ ಓದ್ರಿ. "ಈಕಿ ಹಿಂಗ ಯಾಕಂದಳು" ಅಂತ ಕೇಳಿದ್ರ ಉತ್ತರಾ ಇರಬೇಕು. ನಾರದ ತಂದ ಹೂವನ್ನ ಕೃಷ್ಣ ರುಕ್ಮಿಣಿಗೆ ಕೊಟ್ಟಿದ್ದಕ್ಕ ಸತ್ಯಭಾಮಾಗ ಸಿಟ್ಟು ಬಂತು ಅಂತ ಎಲ್ಲಾರಿಗೂ ಗೊತ್ತು. ಒಂದು ಹೂವಿಗೆ ಅಷ್ಟು ಸಿಟ್ಟು ಯಾಕ? ಹೂವಿನ ಸಿಟ್ಟೋ, ತನ್ನನ್ನ ಲೆಕ್ಕಕ್ಕ ಹಿಡೀಲಿಲ್ಲ ಅನ್ನೂ ಸಿಟ್ಟೋ? ಅದನ್ನ ಯೋಚಿಸಿದಾಕಿ ಬ್ಯಾರೆ ಹಾಡ್ತಾಳ.

ನಮ್ಮ ಮಾತಿನ ಬಗ್ಗೆ ನಾಚಬ್ಯಾಡ್ರಿ. ಹೋದ ಕೂಡ್ಲೇ ಬೆಂಗಳೂರು ಕನ್ನಡ ಮಾತಾಡಾಕ ಹೋಗಿ ಅದೂ ಬರದ ಇದೂ ಬರದ ನಿಂದ್ರಬ್ಯಾಡ್ರಿ. ಆದ್ರ ಪುಸ್ತಕದ ಕನ್ನಡಾನೂ ಬಾಯಿಗೆ ಸಲೀಸ ಆಗ್ಲಿ, ದಿನಾ ಪೇಪರ ದೊಡ್ಡ ದನಿಲೆ ಓದ್ರಿ, "ಹ" ಇದ್ದಲ್ಲಿ "ಹ" ಬರ್ಲಿ. "ನಾಟಕ ಯಾಕ ಬೇಕು" ಅಂತ ಕೇಳೇ ಕೇಳ್ತಾರ. "ಸಣ್ಣಾಕಿ ಇದ್ದಾಗಿಂದ ಆಸಕ್ತಿ" ಅಂತ ಎಲ್ಲಾರೂ ಅಂತಾರ. ನೀವು ಯಾವ ಆಟಾ ನೋಡೀರಿ, ಅದರಾಗ ಏನ ತಪ್ಪು ಅನಿಸಿತು, ಏನ ಹಿಡಸಿತು, ಅದನ್ನ ಹೇಳ್ರಿ.

ತಾಯಂದಿರ, ನಿಮ್ಮ ಅಂಜಿಕಿ ಸುಳ್ಳಲ್ಲ. ಅಂಜಿ ಬಾಗಲಾ ಹಾಕೂ ಬದಲಿ ಸಂಸ್ಥೆಯವರನ್ನ ಪ್ರಶ್ನೆ ಕೇಳ್ರಿ. ಹುಡಿಗ್ಯಾರ ವಸತಿ ಎಲ್ಲಿ, ರಾತ್ರಿ ತಾಲೀಮು ಮುಗದ ಮ್ಯಾಲ ಯಾರು ಜೋಡಿ ಬರ್ತಾರ? ಹೋದ ವರ್ಷ ಎಷ್ಟು ಹುಡಿಗ್ಯಾರು ಇದ್ರು, ಅವರಾಗ ಒಬ್ಬಾಕಿ ಜೋಡಿ ಫೋನಿನ್ಯಾಗ ಮಾತಾಡಾಕ ಬರ್ತೈತೇನ? ಫೀ ಎಷ್ಟು, ಊಟ ಅದರಾಗ ಬಂತೋ? ಕಡೀಕ ಕೈಗೆ ಬರೂ ಕಾಗದಕ್ಕ ಯಾವ ವಿಶ್ವವಿದ್ಯಾಲಯದ ಮುದ್ರಿ? 2013ರ ಕಾಯ್ದೆ ಪ್ರಕಾರ ಹತ್ತು ಮಂದಿ ಅಥವಾ ಹೆಚ್ಚು ಕೆಲಸ ಮಾಡೂ ಜಾಗದಾಗ ಹೆಣ್ಣಮಕ್ಕಳ ದೂರು ಕೇಳಾಕ ಆಂತರಿಕ ಸಮಿತಿ ಇರಬೇಕು. "ನಿಮ್ಮಲ್ಲಿ ಐತೇನ, ಅದರಾಗ ಯಾರದಾರ" ಅಂತ ಕೇಳ್ರಿ. ಇದನ್ನ ಕೇಳಿದ್ರ ಮಾರಿ ಸಣ್ಣದು ಮಾಡೂ ಸಂಸ್ಥೆ ಇದ್ರ ಅಲ್ಲಿಗೆ ಕಳಸಬ್ಯಾಡ್ರಿ, ನಾನೂ ಬ್ಯಾಡ ಅಂತೀನಿ. ಈ ಪ್ರಶ್ನೆಗಳನ್ನ ನರ್ಸಿಂಗ್ ಕಾಲೇಜಿಗೂ ಕೇಳ್ರಿ, ಅಲ್ಲಿ ಯಾಕ ಕೇಳಂಗಿಲ್ಲ?

"ನಾಳೆ ಗಂಡ ಸಿಗೂದಿಲ್ಲ" ಅನ್ನೂ ಮಾತು ಉಳೀತು. ಹಾಡೂ ಹೆಣ್ಣು ಬ್ಯಾಡ ಅನ್ನೂ ಮನಿತನಕ್ಕ ನಮ್ಮ ಹುಡುಗಿ ಹೋಗದಿದ್ರ ನಷ್ಟ ಯಾರಿಗೆ? ಲಗ್ನ ಆದ ಮ್ಯಾಲ ಬಾಯಿ ಮುಚ್ಚಿ ಕುಂಡ್ರಬೇಕಾದ ಮನಿ ಮದಲ ಗೊತ್ತಾದ್ರ ಅದು ಲಾಭ ಅಂತ ತಿಳೀರಿ. ನಮ್ಮ ಬಳಗದಾಗ ಎಷ್ಟು ಮಂದಿ ಚಂದ ಹಾಡ್ತಿದ್ರು, ಲಗ್ನ ಆದ ಮ್ಯಾಲ ತೊಟ್ಟಿಲದ ಮುಂದ ಅಷ್ಟ ಹಾಡಿ ಮುಗಿಸಿದ್ರು! ಆ ಹೆಸರು ನಾನು ಬರಿಯಂಗಿಲ್ಲ, ಓದೂವರಿಗೆ ತಮ್ಮ ಹೆಸರು ತಮಗ ಗೊತ್ತೈತಿ.

ಅರ್ಜಿ ಕರಿಯೂದು ಹೆಚ್ಚಾಗಿ ಬ್ಯಾಸಗಿ ಮುಗಿಯೂ ಹೊತ್ತಿಗೆ, ಪೇಪರಿನ್ಯಾಗ ಸಣ್ಣ ಸುದ್ದಿ ಬರ್ತೈತಿ, ಕಣ್ಣ ಇಡ್ರಿ. ಫಾರ್ಮ ತುಂಬಸ್ರಿ. ಸಂದರ್ಶನಕ್ಕ ತಾಯಿ ಆಗ್ಲಿ, ಅತ್ತಿ ಆಗ್ಲಿ, ಒಬ್ಬರು ಜೋಡಿ ಹೋಗಿ ಜಾಗಾ ಕಣ್ಣಿಲೆ ನೋಡಿ ಬರ್ರಿ. ಬುತ್ತಿ ನಾನು ಕಟ್ಟಿ ಕೊಡ್ತೀನಿ, ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಒಂದು ಡಬ್ಬಿ ಕರದಂಟು. ಆಯ್ಕಿ ಆಗಲಿಲ್ಲ ಅಂದ್ರ ಹುಡುಗಿ ಮನಿಗೆ ಬಂದು ನಿಮ್ಮ ಬಿ.ಎಡ್. ಮಾಡ್ತಾಳ.

ಬೈಯೂದಿದ್ರ ನನಗ ಬೈರಿ, ಹುಡುಗಿಗೆ ಬ್ಯಾಡ. ಆದ್ರ ಆಯ್ಕಿ ಮಾಡೂವರು "ಇಲ್ಲ" ಅನ್ನೂಕಿಂತ ಮದಲ ನಾವ "ಇಲ್ಲ" ಅಂದ್ರ, ಮುಂದಿನ ಜಾತ್ರ್ಯಾಗ ಪಾರಿಜಾತದ ಮುಂದಿನ ಸಾಲಿನ್ಯಾಗ ಚಾಪಿ ಹಾಸೂ ಹಕ್ಕು ನಮಗಿಲ್ಲ.